ಗಾಲ್ಫ್‌ನಲ್ಲಿ ವೆಜ್ ಯಾವುದು, ಸ್ವಿಂಗ್ ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನೂರು ಯಾರ್ಡ್ ದೂರದಿಂದ ಪೂರ್ತಿ ಸ್ವಿಂಗ್ ಮಾಡಿ ಚೆಂಡನ್ನು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಮುಟ್ಟಿಸುತ್ತೇನೆ. ನಲವತ್ತು–ಐವತ್ತು ಯಾರ್ಡ್ ಉಳಿದರೆ ಮಾತ್ರ ಎಡವುತ್ತೇನೆ. ಒಮ್ಮೆ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ಬೀಳುತ್ತದೆ. ಮತ್ತೊಮ್ಮೆ ಚೆಂಡಿನ ನಡುಮಧ್ಯಕ್ಕೆ ತಗಲಿ, ಅದು ಗ್ರೀನ್ ದಾಟಿ ಓಡುತ್ತದೆ. ಎಷ್ಟು ಬಲ ಹಾಕಬೇಕು?

ಉತ್ತರ: ಬಲದ ಲೆಕ್ಕವನ್ನು ಬಿಟ್ಟುಬಿಡಿ, ತೊಡಕು ಅಲ್ಲೇ ಇದೆ. ನೀವು ಹೇಳಿದ ಎರಡೂ ತಪ್ಪುಗಳ ಮೂಲ ಒಂದೇ. ಕ್ಲಬ್ಬನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಂದಕ್ಕೆ ಎತ್ತಿರುತ್ತೀರಿ. ಇಳಿಯುವಾಗ ‘ಇದು ಜಾಸ್ತಿಯಾಯಿತು’ ಅನ್ನಿಸಿ ಕೈ ತಡೆಯುತ್ತದೆ. ತೋಳು ನಿಧಾನವಾದ ಕೂಡಲೇ ಮಣಿಕಟ್ಟು ಮಗುಚಿ, ಕ್ಲಬ್ಬಿನ ತಲೆ ಕೈಗಿಂತ ಮುಂದೆ ಹೋಗುತ್ತದೆ. ಸ್ವಿಂಗಿನ ಅತಿ ತಗ್ಗಿನ ಬಿಂದು ಚೆಂಡಿನ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ನೆಲ ತಾಗಿದರೆ ಮಣ್ಣು ಹಾರುತ್ತದೆ. ತಾಗದೆ ಮೇಲೇಳುತ್ತ ಬಂದರೆ ಕ್ಲಬ್ಬಿನ ಕೆಳ ಅಂಚು ಚೆಂಡಿನ ನಡುಮಧ್ಯಕ್ಕೆ ಬಡಿಯುತ್ತದೆ.

ದೂರವನ್ನು ಬಲದಿಂದ ಅಳೆಯದೆ ಬ್ಯಾಕ್‌ಸ್ವಿಂಗಿನ ಉದ್ದದಿಂದ ಅಳೆಯಿರಿ. ನಿಮ್ಮ ಎದುರು ನಿಂತು ನೋಡುವವರ ಕಣ್ಣಿಗೆ ನಿಮ್ಮ ತಲೆ ಗಡಿಯಾರದ ಹನ್ನೆರಡು, ಚೆಂಡು ಆರು ಎಂದುಕೊಳ್ಳಿ. ಬಲಗೈ ಆಟಗಾರರಿಗೆ ಎಡತೋಳು ಗಡಿಯಾರದ ಮುಳ್ಳು. ಅದು ಏಳೂವರೆಗೆ ಬಂದಾಗ ಕೈಗಳು ಸುಮಾರು ಸೊಂಟದ ಕೆಳಗಿರುತ್ತವೆ. ಒಂಬತ್ತಕ್ಕೆ ತೋಳು ನೆಲಕ್ಕೆ ಸಮಾನಾಂತರ. ಹತ್ತೂವರೆಗೆ ಕೈಗಳು ಭುಜಕ್ಕಿಂತ ಮೇಲೆ. ಈ ಮೂರು ನಿಲ್ದಾಣಗಳು ಸಾಕು. ವೆಜ್ (ಹತ್ತಿರದ ಹೊಡೆತಗಳಿಗೆ ಬಳಸುವ, ಮುಖ ಹೆಚ್ಚು ಓರೆಯಾದ ಕ್ಲಬ್) ಹಿಡಿದಾಗ ಹತ್ತೂವರೆ ದಾಟುವ ಅಗತ್ಯ ಬರುವುದೇ ಕಡಿಮೆ.

ಎಲ್ಲಿಂದ ಇಳಿದರೂ ಎದೆ ಗುರಿಯ ಕಡೆಗೆ ತಿರುಗುತ್ತಲೇ ಇರಲಿ. ಹಿಂದೆ ಹೋದಷ್ಟೇ ಮುಂದೆಯೂ ಸಾಗಲಿ. ಸ್ವಲ್ಪ ಹೆಚ್ಚಾದರೆ ತಪ್ಪಿಲ್ಲ, ಕಡಿಮೆಯಾದರೆ ಕೈ ತಡೆದಿದೆ ಎಂದೇ ಅರ್ಥ. ಮನಸ್ಸಿನಲ್ಲಿ ಎತ್ತುವಾಗ ‘ಒಂದು’, ಚೆಂಡಿಗೆ ತಾಗುವಾಗ ‘ಎರಡು’ ಎಂದು ಎಣಿಸಿ. ಚಿಕ್ಕ ಸ್ವಿಂಗ್‌ಗೂ ದೊಡ್ಡ ಸ್ವಿಂಗ್‌ಗೂ ಎಣಿಕೆಯ ಲಯ ಒಂದೇ ಇರಬೇಕು. ಈ ಲಯ ಕೆಟ್ಟರೆ ಗಡಿಯಾರದಿಂದ ಏನೂ ಪ್ರಯೋಜನವಿಲ್ಲ.

ನಿಲುವು: ಪಾದಗಳ ನಡುವಿನ ಅಂತರ ಪೂರ್ತಿ ಸ್ವಿಂಗಿಗಿಂತ ಕಿರಿದು, ಚೆಂಡು ಮಧ್ಯದಲ್ಲಿ, ಮೈಭಾರದ ಶೇ. 55ರಿಂದ 60ರಷ್ಟು ಗುರಿಯ ಕಡೆಯ ಕಾಲಿನ ಮೇಲೆ. ಆ ಭಾರ ಸ್ವಿಂಗ್ ಮುಗಿಯುವವರೆಗೂ ಹಿಂದಕ್ಕೆ ಬರಬಾರದು. ಕೈ ಚೆಂಡಿಗಿಂತ ಕೂದಲೆಳೆಯಷ್ಟು ಮುಂದಿದ್ದರೆ ಸಾಕು. ತೀರಾ ಮುಂದೆ ಒತ್ತಿದರೆ ಕ್ಲಬ್ಬಿನ ಕೆಳ ಅಂಚು ನೆಲ ಅಗೆಯುತ್ತದೆ.

ಪ್ರಶ್ನೆ: ಐರನ್ (ಸಂಖ್ಯೆಯಿಂದ ಗುರುತಿಸುವ ಲೋಹದ ಕ್ಲಬ್) ಸೆಟ್ ಜೊತೆ ಬಂದ ಪಿಚಿಂಗ್ ವೆಜ್, ಆಮೇಲೆ ಕೊಂಡ 56 ಡಿಗ್ರಿ ಸ್ಯಾಂಡ್ ವೆಜ್ ಇವೆ. ಮುಂದಿನದು 60 ಡಿಗ್ರಿ ಲಾಬ್ ವೆಜ್ ತೆಗೆದುಕೊಳ್ಳಲೇ?

ಉತ್ತರ: ಮೊದಲು ನಿಮ್ಮ ಪಿಚಿಂಗ್ ವೆಜ್‌ನ ಲಾಫ್ಟ್, ಅಂದರೆ ಮುಖದ ಓರೆ, ಎಷ್ಟು ಡಿಗ್ರಿಯೆಂದು ತಿಳಿದುಕೊಳ್ಳಿ. ಹಳೆಯ ಸೆಟ್‌ಗಳಲ್ಲಿ ಅದು 48 ಡಿಗ್ರಿಯ ಆಸುಪಾಸು ಇರುತ್ತಿತ್ತು. ಈಗಿನ ಹಲವು ಸೆಟ್‌ಗಳಲ್ಲಿ 44ಕ್ಕೆ, ಕೆಲವದರಲ್ಲಿ ಇನ್ನೂ ಕೆಳಕ್ಕೆ ಇಳಿದಿದೆ. ನಿಮ್ಮದು 44 ಆಗಿದ್ದರೆ 56ರವರೆಗೆ 12 ಡಿಗ್ರಿಯ ಕಂದಕವಿದೆ. ಪೂರ್ತಿ ಸ್ವಿಂಗಿಗೆ ಅದು 25 ಯಾರ್ಡ್‌ಗೂ ಮಿಕ್ಕಿದ ಅಂತರ. ಆ ಕಂದಕದ ನಡುವೆ 50 ಡಿಗ್ರಿಯ ಗ್ಯಾಪ್ ವೆಜ್ ಬರಬೇಕು, ಅದೇ ನಿಮ್ಮ ಮೊದಲ ಖರೀದಿ. ಒಂದು ವೆಜ್‌ಗೂ ಮುಂದಿನದಕ್ಕೂ 4ರಿಂದ 6 ಡಿಗ್ರಿ ಅಂತರವಿದ್ದರೆ ಸಾಮಾನ್ಯವಾಗಿ 10–15 ಯಾರ್ಡ್‌ನ ಮೆಟ್ಟಿಲುಗಳು ಸಿಗುತ್ತವೆ. 60 ಡಿಗ್ರಿಯದು ಆಮೇಲಿನ ಮಾತು. ಅದರ ಮುಖ ಅಷ್ಟು ಓರೆಯಾಗಿರುವುದರಿಂದ ಚೆಂಡು ತಾಗುವ ಜಾಗ ತುಸು ತಪ್ಪಿದರೂ ದೂರ ಏರುಪೇರಾಗುತ್ತದೆ. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಮಾತ್ರ ಇರಬಹುದು; ನಾಲ್ಕನೇ ವೆಜ್ ಬಂದರೆ ಬೇರೆಯದೊಂದು ಹೊರಗೆ ಹೋಗಬೇಕು ಎಂಬುದೂ ನೆನಪಿರಲಿ.

ಮೂರು ವೆಜ್, ಮೂರು ಉದ್ದ ಸೇರಿದರೆ ಒಂಬತ್ತು ದೂರಗಳು. ಒಬ್ಬ ಆಟಗಾರರ ಪಟ್ಟಿ ಹೀಗಿದೆ ಎಂದುಕೊಳ್ಳಿ. ಇದು ಉದಾಹರಣೆ ಮಾತ್ರ, ನಿಮ್ಮದು ಬೇರೆಯೇ ಇರುತ್ತದೆ. ಹತ್ತೂವರೆ, ಒಂಬತ್ತು, ಏಳೂವರೆ ಎಂಬ ಕ್ರಮದಲ್ಲಿ 44 ಡಿಗ್ರಿಗೆ 105, 80, 52 ಯಾರ್ಡ್. 50 ಡಿಗ್ರಿಗೆ 92, 70, 45. 56 ಡಿಗ್ರಿಗೆ 78, 60, 38. ಚೆಂಡು ಗಾಳಿಯಲ್ಲಿ ಹೋಗಿ ಬೀಳುವ ದೂರ ಇದು, ಉರುಳುವುದು ಬೇರೆ. ನಡುವಿನ ದೂರ, ಉದಾಹರಣೆಗೆ 56 ಯಾರ್ಡ್ ಬಂದರೆ ಹೊಸ ಸ್ವಿಂಗ್ ಹುಡುಕಬೇಡಿ. 60ರ ಹೊಡೆತವನ್ನೇ ತೆಗೆದುಕೊಂಡು ಗ್ರಿಪ್ಪಿನಲ್ಲಿ ಒಂದು ಅಂಗುಲ ಕೆಳಗೆ ಹಿಡಿಯಿರಿ, ಸಾಮಾನ್ಯವಾಗಿ 3ರಿಂದ 5 ಯಾರ್ಡ್ ಇಳಿಯುತ್ತದೆ.

ಪಟ್ಟಿಯಲ್ಲಿ 80 ಮತ್ತು 78 ಅಕ್ಕಪಕ್ಕ ಬಂದಿರುವುದನ್ನು ಗಮನಿಸಿ. ಒಂದೇ ದೂರಕ್ಕೆ ಎರಡು ದಾರಿಗಳಿವೆ: ಪಿಚಿಂಗ್ ವೆಜ್‌ನ ಒಂಬತ್ತು ತಗ್ಗಾಗಿ ಹೋಗಿ ಮುಂದೆ ಉರುಳುತ್ತದೆ, ಸ್ಯಾಂಡ್ ವೆಜ್‌ನ ಹತ್ತೂವರೆ ಎತ್ತರದಿಂದ ಬಿದ್ದು ಬೇಗ ನಿಲ್ಲುತ್ತದೆ. ಧ್ವಜ ಗ್ರೀನಿನ ಹಿಂಬದಿಯಲ್ಲಿದ್ದರೆ ಮೊದಲನೆಯದು, ಮುಂಬದಿಯ ಬಂಕರ್ (ಮರಳುಗುಂಡಿ) ಹಿಂದೆಯೇ ಇದ್ದರೆ ಎರಡನೆಯದು. ಎದುರುಗಾಳಿಯಲ್ಲೂ ಮೊದಲನೆಯದೇ ಲೇಸು: ಹೆಚ್ಚು ಓರೆಯ ಕ್ಲಬ್ಬಿನಿಂದ ಜೋರಾಗಿ ಹೊಡೆದರೆ ಚೆಂಡಿನ ಹಿಮ್ಮುಖ ಸ್ಪಿನ್ ಹೆಚ್ಚಾಗಿ, ಚೆಂಡು ಗಾಳಿಯಲ್ಲಿ ಮೇಲೇರಿ ಗುರಿಗಿಂತ ಹಿಂದೆಯೇ ಬೀಳುತ್ತದೆ.

ಪ್ರಶ್ನೆ: ಆ ಒಂಬತ್ತು ದೂರಗಳನ್ನು ಅಳೆಯುವುದು ಹೇಗೆ?

ಉತ್ತರ: ಆಡುವಾಗ ಬಳಸುವ ಚೆಂಡಿನಿಂದಲೇ ಅಳೆಯಿರಿ. ಅಭ್ಯಾಸದ ರೇಂಜ್‌ನಲ್ಲಿ ಕೊಡುವ ಸವೆದ ಚೆಂಡುಗಳು ತಪ್ಪು ಲೆಕ್ಕ ಕೊಡುತ್ತವೆ. ಒಂದೊಂದು ಉದ್ದಕ್ಕೆ ಹತ್ತು ಚೆಂಡು ಹೊಡೆದು, ಬಿದ್ದ ಜಾಗಗಳನ್ನು ನೋಡಿ. ಅತಿ ದೂರ ಹೋದ ಎರಡನ್ನೂ ಅತಿ ಹತ್ತಿರ ಬಿದ್ದ ಎರಡನ್ನೂ ಬಿಡಿ. ಉಳಿದ ಆರರ ಗುಂಪಿನ ನಡುವೆ ಎಲ್ಲಿದೆಯೋ ಅದೇ ನಿಮ್ಮ ಸಂಖ್ಯೆ. ಅತ್ಯುತ್ತಮ ಹೊಡೆತದ ಸಂಖ್ಯೆ ಬರೆದುಕೊಂಡರೆ ಆಟದಲ್ಲಿ ಸದಾ ಗುರಿಗಿಂತ ಹಿಂದೆ ಬೀಳುತ್ತೀರಿ. ಬಹುಪಾಲು ಜನ ಎಡವುವುದು ಇಲ್ಲಿಯೇ. ಒಂದೇ ದಿನ ಎಲ್ಲ ಒಂಬತ್ತೂ ಬೇಡ. ಮೊದಲು ಒಂಬತ್ತು ಗಂಟೆಯ ಮೂರನ್ನು ಗಟ್ಟಿಮಾಡಿಕೊಳ್ಳಿ. ತೋಳು ಎಲ್ಲಿ ನಿಂತಿತೆಂದು ಕನ್ನಡಿಯ ಮುಂದೆಯೋ ಫೋನಿನ ವಿಡಿಯೊದಲ್ಲೋ ಪರೀಕ್ಷಿಸಿ. ಒಂಬತ್ತು ಎಂದುಕೊಂಡದ್ದು ಬಹಳ ಸಲ ಹತ್ತು ಆಗಿರುತ್ತದೆ.

ಪ್ರಶ್ನೆ: ವೆಜ್‌ನ ಅಡಿಯಲ್ಲಿ 56ರ ಜೊತೆ 12 ಎಂದೂ ಕೆತ್ತಿದೆ. ಅದೇನು?

ಉತ್ತರ: ಅದು ಬೌನ್ಸ್ ಕೋನ. ಕ್ಲಬ್ಬಿನ ಅಡಿಭಾಗ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಉಬ್ಬಿದೆ ಎಂಬುದರ ಅಳತೆ. ದೋಣಿಯ ತಳ ನೀರಿನ ಮೇಲೆ ಜಾರುವಂತೆ ಈ ಉಬ್ಬು ನೆಲದ ಮೇಲೆ ಜಾರುತ್ತದೆ, ಅಂಚು ಹೂತುಕೊಳ್ಳದಂತೆ ಕಾಯುತ್ತದೆ. 10ಕ್ಕಿಂತ ಹೆಚ್ಚು ಬೌನ್ಸ್ ಮೆತ್ತನೆಯ ನೆಲ, ಸಡಿಲ ಮರಳು, ಮೇಲಿನಿಂದ ಕಡಿದಾಗಿ ಹೊಡೆಯುವವರಿಗೆ. 4ರಿಂದ 6 ಗಟ್ಟಿ ನೆಲಕ್ಕೆ, ಹುಲ್ಲನ್ನು ಸವರಿದಂತೆ ಹೊಡೆಯುವವರಿಗೆ. ಒಣಗಿ ಗಡುಸಾದ ನೆಲದಲ್ಲಿ 12ರ ಕ್ಲಬ್ಬಿನ ಮುಖ ತೆರೆದು (ಬಲಗೈ ಆಟಗಾರರಿಗೆ ಬಲಕ್ಕೆ ತಿರುಗಿಸಿ) ಹೊಡೆದರೆ ಉಬ್ಬು ನೆಲಕ್ಕೆ ಬಡಿದು ಪುಟಿಯುತ್ತದೆ, ಅಂಚು ಚೆಂಡಿನ ನಡುವಿಗೆ ತಗಲುತ್ತದೆ. ಅಂಥಲ್ಲಿ ಮುಖವನ್ನು ನೇರವಾಗಿಯೇ ಇಡಿ, ಇಲ್ಲವೇ ಗ್ಯಾಪ್ ವೆಜ್ ತೆಗೆಯಿರಿ.

ಪ್ರಶ್ನೆ: ಗ್ರೀನಿನ ಅಂಚಿನಿಂದ ನಾಲ್ಕೈದು ಹೆಜ್ಜೆ ಹೊರಗಿದ್ದರೂ ಸ್ಯಾಂಡ್ ವೆಜ್ಜೇ ಬಳಸುತ್ತೇನೆ. ಸರಿಯೇ?

ಉತ್ತರ: ಎದುರಿಗೆ ಗ್ರೀನ್ ಉದ್ದಕ್ಕೆ ಇದ್ದರೆ ಸರಿಯಲ್ಲ. ಹಾರಿಸುವುದಕ್ಕಿಂತ ಉರುಳಿಸುವುದರಲ್ಲಿ ತಪ್ಪು ಕಡಿಮೆ. ಗ್ರೀನಿನ ಒಳಗೆ ಸುಮಾರು ಮೂರಡಿ ದೂರದಲ್ಲಿ ಚೆಂಡು ಬೀಳುವ ಜಾಗ ಗುರುತಿಸಿ. ಅಲ್ಲಿಯವರೆಗೆ ಎಷ್ಟು ಹೆಜ್ಜೆ, ಅಲ್ಲಿಂದ ಕುಳಿಗೆ ಎಷ್ಟು ಹೆಜ್ಜೆ ಎಣಿಸಿ. ಸಮತಟ್ಟಾದ, ಸಾಧಾರಣ ವೇಗದ ಗ್ರೀನಿನಲ್ಲಿ ಒಂದು ಪಾಲು ಹಾರಿದರೆ ಪಿಚಿಂಗ್ ವೆಜ್ ಸುಮಾರು ಎರಡು ಪಾಲು ಉರುಳಿಸುತ್ತದೆ, 9 ಐರನ್ ಮೂರು, 8 ಐರನ್ ನಾಲ್ಕು. ಮೂರು ಹೆಜ್ಜೆ ಹಾರಿ ಒಂಬತ್ತು ಹೆಜ್ಜೆ ಉರುಳಬೇಕಾದರೆ 9 ಐರನ್. ಗ್ರೀನ್ ಏರು ಇದ್ದರೆ ಒಂದು ಕ್ಲಬ್ ಕಡಿಮೆ ಓರೆಯದು, ಇಳಿಜಾರಿದ್ದರೆ ಒಂದು ಹೆಚ್ಚು ಓರೆಯದು. ಸ್ವಿಂಗ್ ಒಂದೇ, ಬದಲಾಗುವುದು ಕ್ಲಬ್.

ಪ್ರಶ್ನೆ: ಬೆಳಗಿನ ಒದ್ದೆ ಹುಲ್ಲಿನಿಂದ ಹೊಡೆದ ಚೆಂಡು ಗ್ರೀನ್ ಮೇಲೆ ನಿಲ್ಲುವುದೇ ಇಲ್ಲ.

ಉತ್ತರ: ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ನೀರು, ಹುಲ್ಲು ಸೇರಿದರೆ ಘರ್ಷಣೆ ತಗ್ಗುತ್ತದೆ. ಚೆಂಡು ಮುಖದ ಮೇಲೆ ಜಾರಿ ಇನ್ನೂ ಎತ್ತರಕ್ಕೆ ಹೊರಡುತ್ತದೆ, ಆದರೆ ಸ್ಪಿನ್ ಕಡಿಮೆ. ಆದ್ದರಿಂದ ಬಿದ್ದ ಮೇಲೆ ಓಡುತ್ತದೆ. ಓಡಲಿ ಎಂದೇ ಲೆಕ್ಕ ಹಾಕಿ ಮುಂಚೆಯೇ ಬೀಳಿಸಿ. ಪ್ರತಿ ಹೊಡೆತಕ್ಕೂ ಮೊದಲು ಮುಖ ಒರೆಸಿ, ಗೀರುಗಳಲ್ಲಿ ಕೂತ ಮಣ್ಣನ್ನು ಬ್ರಶ್‌ನಿಂದ ತೆಗೆಯಿರಿ. ಚೆಂಡಿನ ಹೊದಿಕೆಯೂ ಮುಖ್ಯ: ಯುರೆಥೇನ್ ಹೊದಿಕೆಯದು ಗಟ್ಟಿ ಅಯೊನೋಮರ್ ಹೊದಿಕೆಯದಕ್ಕಿಂತ ಸಣ್ಣ ಹೊಡೆತಗಳಲ್ಲಿ ಸ್ಪಷ್ಟವಾಗಿ ಹೆಚ್ಚು ಸ್ಪಿನ್ ಪಡೆಯುತ್ತದೆ. ಉದ್ದ ರಫ್‌ನಲ್ಲಿ (ಬೆಳೆಯಲು ಬಿಟ್ಟ ಹುಲ್ಲಿನ ಜಾಗ) ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿ ಮುಖವನ್ನು ಮುಚ್ಚಿಸುತ್ತದೆ. ಮುಖ ತುಸು ತೆರೆದು, ಎಡಗೈಯ ಕೊನೆಯ ಮೂರು ಬೆರಳುಗಳಿಂದ ಬಿಗಿ ಹಿಡಿದು, ಗಡಿಯಾರದಲ್ಲಿ ಒಂದು ನಿಲ್ದಾಣ ಮೇಲೆ ಹೋಗಿ.

ಪ್ರಶ್ನೆ: ಚೆಂಡು ಪಾದಕ್ಕಿಂತ ಮೇಲಿರುವ ಇಳುಕಲಿನಲ್ಲಿ ವೆಜ್ ಹೊಡೆತ ಸದಾ ಎಡಕ್ಕೆ ಹೋಗುತ್ತದೆ. ನಾನು ಬಲಗೈ ಆಟಗಾರ.

ಉತ್ತರ: ಇಳುಕಲಿನಿಂದಾಗಿ ಕ್ಲಬ್ಬಿನ ಮುಖವೇ ಎಡಕ್ಕೆ ನೋಡುತ್ತಿರುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ಎಡವಾಲು ಹೆಚ್ಚು. ಗ್ರಿಪ್ ಕೆಳಗೆ ಹಿಡಿದು, ಧ್ವಜಕ್ಕಿಂತ ಬಲಕ್ಕೆ ಗುರಿಯಿಟ್ಟು ನಿಲ್ಲಿ. ಜಾಗವಿದ್ದರೆ 56ರ ಬದಲು 50 ಡಿಗ್ರಿಯದನ್ನು ತೆಗೆದು ಸ್ವಿಂಗ್ ಚಿಕ್ಕದು ಮಾಡಿ, ವಾಲುವುದು ಕಡಿಮೆಯಾಗುತ್ತದೆ.