ಬ್ರಿಡ್ಜ್ ತರಿಸುವ ಮೊದಲು ತೂತು ಅಳೆಯಿರಿ

ಪ್ರಶ್ನೆ: ಸರ್, ನಾನು ಮಂಡ್ಯದವನು, ಡಿಗ್ರಿ ಎರಡನೇ ವರ್ಷ. ಎರಡು ತಿಂಗಳ ಹಿಂದೆ ಮೈಸೂರಿನಲ್ಲಿ ಒಬ್ಬರ ಹತ್ತಿರ 6,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಮಾದರಿಯದು. ಹಿಂದಿನವರು ಅದರಲ್ಲಿ ಏನೇನೋ ಬದಲಾಯಿಸಿದ್ದಾರೆ, ತಂತಿಯ ಸದ್ದು ಹಿಡಿಯುವ ಪಿಕಪ್ ಬೇರೆ, ತಂತಿ ಕೂರುವ ಬ್ರಿಡ್ಜ್ ಬೇರೆ. ಬ್ರಿಡ್ಜ್‌ನ ಆರು ಸ್ಕ್ರೂಗಳಲ್ಲಿ ಎರಡೂ ಕೊನೆಯವು ಎಷ್ಟು ತಿರುಗಿಸಿದರೂ ಬಿಗಿ ಆಗಲ್ಲ. ಬ್ರಿಡ್ಜ್ ಬಾಗಿಸಿ ಸ್ವರ ಏರಿಳಿಸುವ ಕಡ್ಡಿ, ಅಂದರೆ ಆರ್ಮ್, ಲೊಡಲೊಡ ಅಲ್ಲಾಡುತ್ತದೆ. ಒಂದು ಸಲ ಆರ್ಮ್ ಒತ್ತಿ ಬಿಟ್ಟರೆ ಶ್ರುತಿ ಹೋಗಿರುತ್ತದೆ. ಹೊಸ ಟ್ರೆಮೊಲೊ ಬ್ರಿಡ್ಜ್ (ಆರ್ಮ್ ಇರುವ ಬ್ರಿಡ್ಜ್) ತರಿಸೋಣ ಅಂದುಕೊಂಡಿದ್ದೇನೆ. ಯಾವುದು ಕೂರುತ್ತದೆ? ಗೆಳೆಯನೊಬ್ಬ ತಂತಿಗಳನ್ನು ಬೀಗ ಹಾಕಿದಂತೆ ಹಿಡಿಯುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಹಾಕಿಸು ಅಂತಾನೆ. ಇದನ್ನೆಲ್ಲ ಮನೆಯಲ್ಲೇ ಮಾಡಬಹುದಾ?

ಉತ್ತರ: ಇನ್ನೂ ಆರ್ಡರ್ ಮಾಡಿಲ್ಲ ಅಲ್ವಾ? ಒಂದು ವಾರ ತಡೆಯಿರಿ. ನೀವು ಹೇಳಿದ ಮೂರು ತೊಂದರೆಗಳೂ ಬ್ರಿಡ್ಜ್ ಹತ್ತಿರವೇ ಕಾಣಿಸುತ್ತಿವೆ, ಆದರೆ ಒಂದೊಂದರ ಕಾರಣ ಒಂದೊಂದು. ಸ್ಕ್ರೂ ಬಿಗಿಯಾಗದಿರುವುದು ಮರದ ತೊಂದರೆ. ಆರ್ಮ್ ಅಲ್ಲಾಡುವುದು ಬ್ರಿಡ್ಜ್ ಕೆಳಗೆ ಗಿಟಾರಿನ ಮೈಯೊಳಗೆ ಇಳಿದಿರುವ ಲೋಹದ ದಿಮ್ಮಿಯಲ್ಲಿ, ಅಂದರೆ ಬ್ಲಾಕಿನಲ್ಲಿ, ಥ್ರೆಡ್ ಸವೆದಿರುವುದರಿಂದ. ಶ್ರುತಿ ಹೋಗುವುದಕ್ಕೆ ಆ ಸಡಿಲ ಸ್ಕ್ರೂಗಳೂ ಕಾರಣ ಇರಬಹುದು, ಗಿಟಾರಿನ ತಲೆಯ ಕಡೆ ತಂತಿಗಳು ಹಾದುಹೋಗುವ ಗೀರುಗಳಿರುವ ಸಣ್ಣ ತುಂಡು, ಅಂದರೆ ನಟ್ಟೂ ಇರಬಹುದು. ಎಷ್ಟೇ ಒಳ್ಳೆ ಬ್ರಿಡ್ಜ್ ತಂದು ಅದೇ ಸಡಿಲ ತೂತುಗಳಿಗೆ ಹಾಕಿದರೂ ಗಿಟಾರ್ ಈಗಿರುವ ಹಾಗೇ ಇರುತ್ತದೆ.

ಸ್ವಲ್ಪ ಲೆಕ್ಕ ನೋಡಿ. 9-42 ಅನ್ನುವ ತೆಳು ತಂತಿಗಳ ಸೆಟ್ ಹಾಕಿ ಸಾಮಾನ್ಯ ಶ್ರುತಿಗೆ ತಂದರೆ ಆರೂ ತಂತಿ ಸೇರಿ ಸುಮಾರು 38 ಕೆಜಿಯಷ್ಟು ಬಲದಿಂದ ಬ್ರಿಡ್ಜನ್ನು ಕುತ್ತಿಗೆಯ ಕಡೆ ಎಳೆಯುತ್ತವೆ. ಇನ್ನೂ ಸ್ವಲ್ಪ ದಪ್ಪದ 10-46 ಹಾಕಿದರೆ ಅದು 47 ಕೆಜಿ ಹತ್ತಿರ ಹೋಗುತ್ತದೆ. ಹಿಂದುಗಡೆ ಗುಂಡಿಯಲ್ಲಿರುವ ಸ್ಪ್ರಿಂಗ್‌ಗಳು ಇದಕ್ಕೆ ಎದುರಾಗಿ ಎಳೆದು ಹಿಡಿದಿರುತ್ತವೆ. ಈ ಎರಡು ಎಳೆತಗಳ ನಡುವೆ ಬ್ರಿಡ್ಜ್ ತೂಗುವುದು ಆ ಆರು ಸ್ಕ್ರೂಗಳ ಆಸರೆಯಲ್ಲಿ, ಅದರಲ್ಲೂ ಎರಡು ತುದಿಯ ಸ್ಕ್ರೂಗಳದ್ದೇ ಮುಖ್ಯ ಕೆಲಸ. ನಿಮ್ಮಲ್ಲಿ ಸಡಿಲವಾಗಿರುವುದು ಆ ಎರಡೇ. ನಮ್ಮ ಕಡೆ ವೀಣೆಯಲ್ಲಿ ತಂತಿ ಕೂರುವ ಜಾಗಕ್ಕೆ ಕುದುರೆ ಅನ್ನುತ್ತೇವೆ. ಅದು ಇದ್ದಲ್ಲೇ ಇರುತ್ತದೆ, ಗಮಕ ಬೇಕಾದರೆ ನುಡಿಸುವವರು ಬೆರಳಿನಿಂದ ತಂತಿಯನ್ನೇ ಎಳೆಯುತ್ತಾರೆ. ಸ್ಟ್ರಾಟ್‌ನಲ್ಲಿ ಕುದುರೆಯೇ ಬಾಗಬೇಕು, ಬಾಗಿ ಕೂದಲೆಳೆಯೂ ಹೆಚ್ಚುಕಮ್ಮಿ ಆಗದ ಹಾಗೆ ಹಳೇ ಜಾಗಕ್ಕೆ ವಾಪಸ್ ಬರಬೇಕು. 1954ರಲ್ಲಿ ಲಿಯೊ ಫೆಂಡರ್ ಸ್ಟ್ರಾಟೋಕಾಸ್ಟರ್ ಜೊತೆ ಇದನ್ನು ತಂದಾಗಿನಿಂದ ಇಂದಿನವರೆಗೂ ಕಷ್ಟ ಇರುವುದು ಈ ವಾಪಸ್ ಬರುವುದರಲ್ಲೇ. (ಹೆಸರಿನಲ್ಲೂ ಒಂದು ತಪ್ಪು ಉಳಿದುಕೊಂಡಿದೆ. ಟ್ರೆಮೊಲೊ ಅಂದರೆ ಸದ್ದು ಜಾಸ್ತಿ ಕಡಿಮೆ ಆಗುವುದು. ಸ್ವರ ಮೇಲೆ ಕೆಳಗೆ ಆಗುವುದಕ್ಕೆ ವೈಬ್ರಾಟೊ ಅನ್ನಬೇಕು. ಆದರೂ ಎಲ್ಲರೂ ಟ್ರೆಮೊಲೊ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.)

ನನ್ನ ಅನುಮಾನ ಹೇಳುತ್ತೇನೆ. ಆರು ಸ್ಕ್ರೂ ಬ್ರಿಡ್ಜ್‌ಗಳಲ್ಲಿ ಎರಡು ಅಳತೆ ಹೆಚ್ಚು ಬಳಕೆಯಲ್ಲಿವೆ. ಹಳೆಯ ಫೆಂಡರ್ ಅಳತೆಯಲ್ಲಿ ಮೊದಲ ಸ್ಕ್ರೂವಿನ ನಡುವಿನಿಂದ ಆರನೆಯದರ ನಡುವಿಗೆ 56.4 ಮಿ.ಮೀ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ 52.5 ಮಿ.ಮೀ. ಹಿಂದಿನವರು 52.5ರ ತೂತಿದ್ದ ಗಿಟಾರಿಗೆ 56.4ರ ಬ್ರಿಡ್ಜ್ ತಂದಿರಬೇಕು. ನಡುವಿನ ಎರಡು ತೂತುಗಳಲ್ಲಿ ವ್ಯತ್ಯಾಸ ಅರ್ಧ ಮಿ.ಮೀ. ಕೂಡ ಬರುವುದಿಲ್ಲ, ಹೇಗೋ ಕೂರುತ್ತದೆ. ತುದಿಗೆ ಹೋಗುತ್ತಾ ಅದು ಒಂದೊಂದು ಕಡೆ ಹತ್ತಿರ ಹತ್ತಿರ 2 ಮಿ.ಮೀ. ಆಗುತ್ತದೆ. ಹಳೇ ತೂತೇ 3 ಮಿ.ಮೀ. ಅಗಲ ಇರುವಾಗ ಪಕ್ಕದಲ್ಲಿ 2 ಮಿ.ಮೀ. ಬಿಟ್ಟು ಇನ್ನೊಂದು ಕೊರೆದರೆ ಎರಡೂ ಒಂದಾಗಿ ಮೊಟ್ಟೆ ಆಕಾರದ ಗುಂಡಿ ಆಗುತ್ತದೆ, ಸ್ಕ್ರೂ ಹಿಡಿಯಲು ಅಲ್ಲಿ ಮರವೇ ಉಳಿಯುವುದಿಲ್ಲ. ಬ್ರಿಡ್ಜ್ ಬಿಚ್ಚಿ ನೋಡಿದರೆ ಹೌದೋ ಅಲ್ಲವೋ ತಕ್ಷಣ ಗೊತ್ತಾಗುತ್ತದೆ. ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಶುರುವಿನ ದಿನಗಳಲ್ಲಿ ಗೆಳೆಯನೊಬ್ಬನ ಗಿಟಾರಿಗೆ ಅಳೆಯದೆ ಬ್ರಿಡ್ಜ್ ತರಿಸಿ, ತುದಿಯ ಸ್ಕ್ರೂ ಓರೆಯಾಗಿ ಹೋಗುತ್ತಿದ್ದರೂ ಬಲವಾಗಿ ತಿರುಗಿಸಿಬಿಟ್ಟೆ. ಪೇಂಟ್ ಸೀಳಿತು, ಕೆಳಗಿನ ಮರವೂ ಸೀಳಿತು. ಅವನು ಏನೂ ಅನ್ನಲಿಲ್ಲ, ಆದರೆ ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ವರ್ನಿಯರ್ ಒಂದನ್ನು ಯಾರ ಹತ್ತಿರವಾದರೂ ಕೇಳಿ ತನ್ನಿ, ಕಾಲೇಜು ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಹಳೇ ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ. ಆಮೇಲೆ ಗಿಟಾರಿನ ದಪ್ಪ. ಇದನ್ನು ತುಂಬ ಜನ ಮರೆಯುತ್ತಾರೆ. ಕಡಿಮೆ ಬೆಲೆಯ ಕೆಲವು ಮಾದರಿಗಳ ಮೈ 45 ಮಿ.ಮೀ.ಗಿಂತ ತೆಳು. ಅಂಥದ್ದಕ್ಕೆ ಉದ್ದದ ಬ್ಲಾಕ್ ಹಾಕಿದರೆ ಅದು ಹಿಂದಿನಿಂದ ಹೊರಗೆ ಇಣುಕುತ್ತದೆ, ಮುಚ್ಚಳ ಕೂರುವುದಿಲ್ಲ. ಮೂರನೆಯದು ನಟ್‌ನಿಂದ 12ನೇ ಮೆಟ್ಟು, ಅಂದರೆ 12ನೇ ಫ್ರೆಟ್‌ವರೆಗಿನ ದೂರ. ಸ್ಟ್ರಾಟ್ ಅಳತೆಯಾದರೆ 324 ಮಿ.ಮೀ. ಇರುತ್ತದೆ, ಅದರ ಎರಡರಷ್ಟು 648. ಹೊಸ ಬ್ರಿಡ್ಜ್ ಕೂತಾಗ ತೆಳು ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಂಡು) ಆ 648ರ ಗೆರೆಗೆ ಬಂದು, ಇನ್ನೂ ಕೆಲವು ಮಿ.ಮೀ. ಹಿಂದಕ್ಕೆ ಹೋಗಲು ಜಾಗ ಇರಬೇಕು. ದಪ್ಪ ತಂತಿಗಳಿಗೆ ಆ ಜಾಗ ಬೇಕೇ ಬೇಕು.

ಈಗ ಮರ. ತೂತು ಸುಮ್ನೆ ಸ್ವಲ್ಪ ಸಡಿಲವಾಗಿದ್ದರೆ ಟೂತ್‌ಪಿಕ್‌ಗೆ ಅಂಟು ಸವರಿ ತುಂಬಿದರೂ ನಡೆಯುತ್ತದೆ. ನಿಮ್ಮದು ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಅದು ಸಾಲದು. ತೂತನ್ನು ಪೂರ್ತಿ ದುಂಡಗೆ ದೊಡ್ಡದು ಮಾಡಿ ಗಟ್ಟಿ ಮರದ ಕಡ್ಡಿ ಹೊಡೆಯಬೇಕು, ತುದಿಯವಕ್ಕೆ 8 ಮಿ.ಮೀ., ಉಳಿದವು ಕೆಟ್ಟಿದ್ದರೆ 6 ಮಿ.ಮೀ. ಮೈಸೂರು ಅಂದಮೇಲೆ ಬೀಟೆ ಮರದ ಚೂರು ಸಿಗುತ್ತದಲ್ಲ, ಅದನ್ನೇ ಹಾಕೋಣ ಅನ್ನಿಸಬಹುದು. ಬೇಡಿ. ಬೀಟೆ, ತೇಗ ಎರಡೂ ಎಣ್ಣೆ ಅಂಶ ಇರುವ ಮರ, ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಫರ್ನಿಚರ್ ಜೋಡಿಸಲು ಬಳಸುವ ಡೋವೆಲ್ ಕಡ್ಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಸಾಕು. ಫೆವಿಕಾಲ್ ಹಾಕಿ ಹೊಡೆದು ಒಂದು ಇಡೀ ದಿನ ಮುಟ್ಟಬೇಡಿ. ಆಮೇಲೆ ಮೇಲಿನ ಭಾಗ ಉಳಿಯಿಂದ ಸಮ ಮಾಡಿ.

ಹೊಸ ತೂತು ಕೊರೆಯುವ ಮೊದಲು ಬ್ರಿಡ್ಜನ್ನು ಅದರ ಜಾಗದಲ್ಲಿಟ್ಟು, ಎರಡು ತುದಿಯ ಸ್ಯಾಡಲ್‌ಗಳಿಂದ ನಟ್‌ವರೆಗೆ ದಾರ ಎಳೆದು ಕಟ್ಟಿ ನೋಡಿ. ದಾರ ಎರಡೂ ಕಡೆ ಫ್ರೆಟ್‌ಬೋರ್ಡಿನ ಅಂಚಿನಿಂದ ಒಂದೇ ದೂರದಲ್ಲಿ ಹೋಗಬೇಕು. ಸರಿ ಅನ್ನಿಸಿದ ಮೇಲೆ ದಬ್ಬಣದಿಂದ ಚುಚ್ಚಿ ಗುರುತು ಮಾಡಿ, ಇಲ್ಲದಿದ್ದರೆ ಡ್ರಿಲ್ ಬಿಟ್ ಗಟ್ಟಿ ಕಡ್ಡಿಯಿಂದ ಮೆತ್ತಗಿನ ಮರದ ಕಡೆ ಜಾರುತ್ತದೆ. ಸ್ಕ್ರೂವಿನ ಥ್ರೆಡ್ ಬಿಟ್ಟು ಒಳಗಿನ ಕಾಂಡದಷ್ಟೇ ದಪ್ಪದ ಬಿಟ್ ತೆಗೆದುಕೊಳ್ಳಿ. ಆ ಜಾಗದ ಕೆಳಗೇ ಸ್ಪ್ರಿಂಗ್ ಗುಂಡಿ ಇದೆ, ಬಿಟ್ ಆಚೆ ಬರಬಹುದು, ಆದ್ದರಿಂದ ಸ್ಪ್ರಿಂಗ್ ಎಲ್ಲ ಮೊದಲೇ ತೆಗೆದಿಡಿ. ಸ್ಕ್ರೂಗೆ ಮೇಣದಬತ್ತಿಯ ಮೇಣ ಸವರಿದರೆ ಸಲೀಸಾಗಿ ಹೋಗುತ್ತದೆ.

ಈ ಕೊರೆಯುವ ಕೆಲಸವೊಂದನ್ನು ಮಾತ್ರ ನೆಲದ ಮೇಲೆ ಕೂತು ಕೈ ಡ್ರಿಲ್‌ನಲ್ಲಿ ಮಾಡಬೇಡಿ. ಡ್ರಿಲ್ ಸ್ಟ್ಯಾಂಡ್ ಇರುವ ಬಡಗಿ ಹತ್ತಿರ ಹೋಗಿ, ನೀವು ಗುರುತು ಮಾಡಿಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ತೂತು ಒಂದಿಷ್ಟು ವಾಲಿದರೂ ಮತ್ತೆ ಮೊದಲಿನಿಂದ ಶುರು. ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಸ್ಕ್ರೂಗಳನ್ನು ಕಚ್ಚಿಸಿ ಬಿಗಿ ಮಾಡಬಾರದು. ತಂತಿ ಇಲ್ಲದೆ ಒಂದೊಂದನ್ನೇ ತಿರುಗಿಸುತ್ತಾ ಹೋಗಿ, ಬ್ರಿಡ್ಜಿನ ಪ್ಲೇಟಿನ ಹಿಂಭಾಗ ಮೇಲೇಳಲು ಶುರುವಾದ ಕೂಡಲೇ ನಿಲ್ಲಿಸಿ, ಪ್ಲೇಟ್ ಮತ್ತೆ ಚಪ್ಪಟೆಯಾಗಿ ಕೂರುವಷ್ಟು ಸಡಿಲ ಮಾಡಿ. ನಡುವಿನ ನಾಲ್ಕನ್ನು ಇನ್ನೂ ಒಂಚೂರು ಮೇಲಕ್ಕೆ ಬಿಡಿ, ಉಜ್ಜಾಟ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೆ ನಿಮ್ಮ ಈಗಿನ ಬ್ರಿಡ್ಜನ್ನೇ ಮತ್ತೆ ಹಾಕಿ ನೋಡಿ ಅಂತ ನನ್ನ ಸಲಹೆ. ಆರ್ಮ್ ಅಲ್ಲಾಡುವುದಕ್ಕೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಆರ್ಮಿನ ಥ್ರೆಡ್‌ಗೆ ಎರಡು ಸುತ್ತು ಸುತ್ತಿ. ಅದೂ ಆಗದಷ್ಟು ಸವೆದಿದ್ದರೆ ಬ್ಲಾಕ್ ಒಂದನ್ನೇ ಬದಲಿಸಬಹುದು, ಅದು ಪ್ಲೇಟಿಗೆ ಮೂರು ಸ್ಕ್ರೂಗಳಲ್ಲಿ ಕೂತಿರುತ್ತದೆ. ಕಡಿಮೆ ಬೆಲೆಯ ಬ್ಲಾಕ್‌ಗಳು ಸತುವಿನ ಎರಕ, ಥ್ರೆಡ್ ಬೇಗ ಸವೆಯುತ್ತದೆ. ಸ್ಟೀಲಿನದು ಬಾಳಿಕೆ ಬರುತ್ತದೆ. ಆರ್ಮ್ ಥ್ರೆಡ್‌ನಲ್ಲೂ ಅಮೆರಿಕದ ಅಳತೆ ಬೇರೆ, ಮಿಲಿಮೀಟರ್ ಅಳತೆ ಬೇರೆ, ಹಾಗಾಗಿ ಬ್ಲಾಕ್ ಜೊತೆಗೇ ಆರ್ಮ್ ಬರುವಂಥದ್ದನ್ನು ತಗೊಳ್ಳಿ.

ನಟ್ ಪರೀಕ್ಷೆ ಸುಲಭ. ಟ್ಯೂನ್ ಮಾಡುವಾಗ ತಂತಿ ನಿಧಾನಕ್ಕೆ ಏರದೆ "ಟಿಣ್" ಅಂತ ಸದ್ದು ಮಾಡಿ ಜಿಗಿಯುತ್ತದಾ? ಆರ್ಮ್ ಒತ್ತಿ ಬಿಟ್ಟ ಮೇಲೆ ಸ್ವರ ಮೊದಲಿಗಿಂತ ಮೇಲೆ ನಿಲ್ಲುತ್ತದಾ? ಹಾಗಿದ್ದರೆ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಮೆತ್ತನೆಯ ಪೆನ್ಸಿಲ್ ಸೀಸವನ್ನು ಅಲ್ಲಿ ತಿಕ್ಕಿ ನೋಡಿ. ಹತ್ತು ರೂಪಾಯಿಯ ಪೆನ್ಸಿಲ್‌ನಲ್ಲಿ ಮುಗಿದ ಕೆಲಸಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಫ್ಲಾಯ್ಡ್ ರೋಸ್ ಒಳ್ಳೆಯ ವಸ್ತುವೇ, ಆದರೆ ಈ ಗಿಟಾರಿಗೆ ಬೇಡ. ಅದು ಎರಡು ಕಂಬಗಳ ಮೇಲೆ ನಿಲ್ಲುತ್ತದೆ, ಕಂಬಗಳ ನಡುವೆ ಸುಮಾರು 74 ಮಿ.ಮೀ. ಬೇಕು, ಅದಕ್ಕಾಗಿ ಮರ ಇನ್ನಷ್ಟು ಕೆತ್ತಬೇಕು. ಬೀಗದಂಥ ನಟ್ ಕೂರಿಸಲು ಕುತ್ತಿಗೆಯನ್ನೂ ಕತ್ತರಿಸಬೇಕು. ಕೆತ್ತಿದ ಮರ ವಾಪಸ್ ಬರುವುದಿಲ್ಲ. ಮೊದಲೇ ಏಟು ತಿಂದಿರುವ ಮೈ ಅದು, ಈಗ ಅದಕ್ಕೆ ದುರಸ್ತಿ ಬೇಕು.

ಪ್ರಶ್ನೆ: ಬ್ರಿಡ್ಜ್ ನಾನೇ ಬದಲಿಸಿದೆ, ಚೆನ್ನಾಗಿ ಕೂತಿದೆ. ಆದರೆ ಈಗ ಆಂಪ್ ಹಾಕಿದರೆ "ಗುಂಯ್" ಅಂತ ಸದ್ದು, ತಂತಿ ಮುಟ್ಟಿದರೂ ನಿಲ್ಲುವುದಿಲ್ಲ. ಮೊದಲು ಮುಟ್ಟಿದರೆ ಕಡಿಮೆ ಆಗುತ್ತಿತ್ತು. — ಕುವೆಂಪುನಗರ, ಮೈಸೂರು

ಉತ್ತರ: ಗ್ರೌಂಡ್ ವೈರ್ ಬಿಟ್ಟಿದೆ. ಹಿಂದಿನ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳು ಸಿಕ್ಕಿಕೊಂಡಿರುವ ಲೋಹದ ಪಟ್ಟಿಗೆ ಒಂದು ವೈರ್ ಬೆಸುಗೆ ಆಗಿರಬೇಕು. ಅದರ ಇನ್ನೊಂದು ತುದಿ ಒಳಗೆ ಸದ್ದು ಹೆಚ್ಚುಕಮ್ಮಿ ಮಾಡುವ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಹೋಗಿರುತ್ತದೆ. ಪಟ್ಟಿ ದಪ್ಪ ಲೋಹ, ಸಣ್ಣ ಸೋಲ್ಡರಿಂಗ್ ಐರನ್‌ಗೆ ಬೇಗ ಬಿಸಿಯಾಗುವುದಿಲ್ಲ. ಮೇಲ್ಮೈಯನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ, 60 ವ್ಯಾಟ್‌ನ ಐರನ್ ಬಳಸಿ. ಬೆಸುಗೆ ಹೊಳೆಯುತ್ತಾ ಹರಡಿಕೊಳ್ಳಬೇಕು. ಗೋಲಿಯ ಹಾಗೆ ಮೇಲೆ ಕೂತಿದ್ದರೆ ನಾಳೆ ಮತ್ತೆ ಬಿಡುತ್ತದೆ.

ಪ್ರಶ್ನೆ: ನಾನು ಆರ್ಮ್ ಬಳಸುವುದೇ ಇಲ್ಲ. ಬ್ರಿಡ್ಜ್ ಅಲ್ಲಾಡದಂತೆ ನಿಲ್ಲಿಸಬಹುದೇ? — ಶ್ರೀರಂಗಪಟ್ಟಣ

ಉತ್ತರ: ಖಂಡಿತ, ಅದಕ್ಕೆ ಬ್ರಿಡ್ಜ್ ಬದಲಿಸುವ ಖರ್ಚೂ ಬೇಡ. ಐದು ಸ್ಪ್ರಿಂಗ್ ಹಾಕಿ, ಸ್ಪ್ರಿಂಗ್ ಸಿಕ್ಕಿಸಿದ ಲೋಹದ ಪಟ್ಟಿಯ ಎರಡು ಸ್ಕ್ರೂ ಬಿಗಿ ಮಾಡುತ್ತಾ ಪ್ಲೇಟ್ ಮೈಗೆ ಅಂಟಿ ಕೂರುವಂತೆ ಮಾಡಿ. ಆಮೇಲೆ ಹಿಂದಿನ ಗುಂಡಿಯಲ್ಲಿ ಬ್ಲಾಕಿಗೂ ಬಾಲದ ಕಡೆಯ ಗೋಡೆಗೂ ನಡುವಿನ ಜಾಗ ಅಳೆದು, ಅಷ್ಟೇ ದಪ್ಪದ ಗಟ್ಟಿ ಮರದ ಬೆಣೆ ಕೂರಿಸಿ. ಅಂಟು ಹಾಕಬೇಡಿ, ಮುಂದೆ ಯಾವತ್ತಾದರೂ ಆರ್ಮ್ ಬೇಕು ಅನ್ನಿಸಿದರೆ ಬೆಣೆ ಎಳೆದರೆ ಸಾಕು.