ಓದುಗರ ಪ್ರಶ್ನೆ: ಸುಣ್ಣಕಲ್ಲಿನ ಕಾಡು, ಕಣ್ಣು ಕುಗ್ಗಿದ ಮೀನು

ಪ್ರಶ್ನೆ: ಛತ್ತೀಸಗಡದ ಕಾಂಗೇರ್ ಕಣಿವೆಯ ಗುಹೆಗಳಲ್ಲಿ ಸೂರಿನಿಂದ ಕಲ್ಲಿನ ಬಿಳಲು ಇಳಿದಿರುತ್ತವಂತೆ, ಕುರುಡು ಮೀನೂ ಇದೆಯಂತೆ. ನಮ್ಮ ಮೇಲುಕೋಟೆ ಬೆಟ್ಟದ ಗವಿಗಳಲ್ಲಿ ಅಂಥದ್ದೇಕಿಲ್ಲ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಕಲ್ಲೇ ಬೇರೆ. ಮೇಲುಕೋಟೆಯದು ಗ್ರಾನೈಟ್, ನೈಸ್ ಜಾತಿಯ ಬಂಡೆ, ಮಳೆನೀರಿಗೆ ಜಗ್ಗುವುದಿಲ್ಲ. ಅಲ್ಲಿನ ಗವಿಗಳು ಬಂಡೆ ಸೀಳಿಯೋ ಒಂದಕ್ಕೊಂದು ಒರಗಿಯೋ ಆದ ಸಂದುಗಳು. ಕಾಂಗೇರ್‌ನದು ಸುಣ್ಣಕಲ್ಲು. ಮಳೆನೀರು ಕೊಳೆತ ಎಲೆಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಬಿರುಕುಗಳನ್ನು ಕರಗಿಸಿ ಅಗಲಿಸುತ್ತದೆ. ಅದೇ ನೀರು ಗುಹೆಯೊಳಗೆ ತೊಟ್ಟಿಕ್ಕುವಾಗ ಅನಿಲ ಹಾರಿಹೋಗಿ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಬಿಳಲೆಂದರೆ ಇದೇ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯದು. ಮೇಲಿನ ಮರ ಕಡಿದು ಮಣ್ಣು ಕೊಚ್ಚಿಹೋದರೆ ಕೆಳಗೆ ಆ ಬೆಳವಣಿಗೆಯೂ ಕುಂಠಿತ.

ಪರೀಕ್ಷೆ ಸುಲಭ: ಕಲ್ಲನ್ನು ಕೆರೆದು ಪುಡಿಯ ಮೇಲೆ ನಿಂಬೆರಸ ಹಿಂಡಿ. ಸುಣ್ಣಕಲ್ಲಾದರೆ ನೊರೆಯೇಳುತ್ತದೆ. ನಿಮ್ಮ ಹೊಲದ ಸುಣ್ಣದ ಹರಳೂ ನೊರೆ ಬಿಡುತ್ತದೆ. ಹಾಗೆಂದು ಕೆಳಗೆ ಗುಹೆ ಇದೆ ಎಂದು ಅಗೆಯಲು ಹೋಗಬೇಡಿ!

ಮೀನಿರುವುದು ಕೋಟಂಸರ್ ಗುಹೆಯಲ್ಲಿ. ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ, ಅದು ಕುಗ್ಗಿದೆ, ಮೈಬಣ್ಣವೂ ಮಾಸಿದೆ. ಬೆಳಕಿಲ್ಲದಲ್ಲಿ ಗಿಡವೂ ಇಲ್ಲ. ಹಾಗಾಗಿ ಒಳಗಿನ ಊಟವೆಲ್ಲ ಹೊರಗಿನ ಭಿಕ್ಷೆ: ಬಾವಲಿಯ ಹಿಕ್ಕೆ, ಮಳೆಗಾಲದ ನೀರು ಹೊತ್ತು ತರುವ ಎಲೆಕಸ. ಬಾವಲಿಗಳು ಓಡಿಹೋದರೆ ಹಿಕ್ಕೆ ತಿನ್ನುವ ಹುಳುವಿನಿಂದ ಹಿಡಿದು ಎಲ್ಲಕ್ಕೂ ಹೊಟ್ಟೆಗೆ ಬರೆ. ಬಹುತೇಕ ಬಾವಲಿಗಳು ಹೆರುವುದು ಒಂದೊಂದೇ ಮರಿ, ಕಳೆದ ಸಂಖ್ಯೆ ಬೇಗ ತುಂಬದು.

ಪ್ರಶ್ನೆ: ಮಕ್ಕಳನ್ನು ಕರೆದೊಯ್ಯಬಹುದೇ? ಏನು ಎಚ್ಚರಿಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಚಳಿಗಾಲದಲ್ಲಿ ಹೋಗಿ. ಮಳೆಗಾಲದಲ್ಲಿ ಗುಹೆಗೆ ನೀರು ನುಗ್ಗುವುದರಿಂದ ಬಾಗಿಲು ಮುಚ್ಚಿರುತ್ತಾರೆ. ಬಿಳಲನ್ನು ಮುಟ್ಟಬಾರದು: ಬೆರಳಿನ ಜಿಡ್ಡು ಹತ್ತಿದ ಕಡೆ ಹೊಸ ಸುಣ್ಣ ಸರಿಯಾಗಿ ಕೂರದೆ ಕಲೆ ಉಳಿಯುತ್ತದೆ. ಟಾರ್ಚನ್ನು ನೆಲಕ್ಕೆ ಹಿಡಿಯಿರಿ, ಸೂರಿನ ಬಾವಲಿಗಳ ಮೇಲಲ್ಲ. ಒಂದೇ ಕಡೆ ದೀಪ ಉರಿಯುತ್ತಿದ್ದರೆ ಕಲ್ಲಿಗೆ ಪಾಚಿ ಹಿಡಿಯುತ್ತದೆ. ಹಿಂದೆ ಬೇರೆ ಗುಹೆಗೆ ಹಾಕಿದ್ದ ಬೂಟಾದರೆ ತೊಳೆದು ಒಣಗಿಸಿ. ನಾವು ಹೆಚ್ಚು ಒತ್ತಿ ಹೇಳುವುದು ತಿಂಡಿಯ ಕಸದ ಬಗ್ಗೆ. ಮರಳು, ಜೇಡಿಯಲ್ಲಿ ನೀರು ಸೋಸಿಕೊಂಡು ಇಳಿಯುತ್ತದೆ. ಸುಣ್ಣಕಲ್ಲಿನ ಬಿರುಕಿನಲ್ಲಿ ಹಾಗೇ ಜಾರುತ್ತದೆ. ಕಾಡಿನಲ್ಲಿ ಬಿಸಾಡಿದ್ದರ ಕೊಳೆ ನೇರ ಮೀನಿನ ನೀರಿಗೇ.

ಪ್ರಶ್ನೆ: ಅಲ್ಲಿ ಗುಹೆ ಬಿಟ್ಟು ಇನ್ನೇನಿದೆ?

ಉತ್ತರ: 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ 200 ಚದರ ಕಿಲೋಮೀಟರ್ ಕಾಡು, ತೀರಥ್‌ಗಢ ಜಲಪಾತ. ಮುಖ್ಯವಾಗಿ ಆ ರಾಜ್ಯದ ಪಕ್ಷಿ, ಬೆಟ್ಟದ ಮೈನಾ. ಅದು ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ, ಆದ್ದರಿಂದ ಒಣಮರ ಕಂಡರೆ ಸೌದೆ ಎನ್ನಬೇಡಿ.