ಹೆದರುವ ನಾಯಿಯ ಗಂಟುಗಟ್ಟಿದ ಕೂದಲನ್ನು ಮನೆಯಲ್ಲೇ ತೆಗೆಯುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಮೂರು ವರ್ಷದ ಶಿಟ್ಜು, ಮಳೆಗಾಲದಲ್ಲಿ ಬಾಚುವುದು ತಪ್ಪಿಹೋಗಿ ಕಿವಿಯ ಹಿಂದೆ, ಕಂಕುಳಲ್ಲಿ, ಹಾರ್ನೆಸ್ (ಎದೆಗೆ ಹಾಕುವ ಪಟ್ಟಿ) ಉಜ್ಜುವ ಎದೆಯ ಮೇಲೆ ಕೂದಲು ಗಂಟುಗಟ್ಟಿದೆ, ಬ್ರಷ್ ಕಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಮುಟ್ಟಲು ಹೋದರೆ ಗುರ್ ಎನ್ನುತ್ತದೆ. ಮೊದಲು ಸ್ನಾನ ಮಾಡಿಸಿ ಆಮೇಲೆ ಕತ್ತರಿಯಲ್ಲಿ ಕತ್ತರಿಸಿಬಿಡಲೇ ಎಂದು ಕೇಳಿದ್ದೀರಿ.

ಎರಡೂ ಬೇಡ. ಗಂಟು ಬಿಗಿಯಾದಂತೆ ಅದರಡಿಯ ಚರ್ಮವೂ ಮೇಲಕ್ಕೆ ಎಳೆದುಕೊಂಡು ಗಂಟಿನೊಳಗೆ ಸೇರಿರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ಕಂಕುಳಿನ ಚರ್ಮವಂತೂ ಬಹಳ ತೆಳು. ನಾಯಿ ಒಮ್ಮೆ ಕೊಸರಿದರೆ ಸಾಕು, ಹೊಲಿಗೆ ಹಾಕಿಸಬೇಕಾದ ಗಾಯವಾಗುತ್ತದೆ. ಇನ್ನು ಸ್ನಾನ: ನೆನೆದು ಒಣಗಿದ ಗಂಟು ಮೊದಲಿಗಿಂತ ಬಿಗಿಯಾಗುತ್ತದೆ, ಒಳಗೆ ತೇವ ಮತ್ತು ಶಾಂಪೂ ಉಳಿದು ಚರ್ಮ ಬೇಯತೊಡಗುತ್ತದೆ. ಸ್ನಾನ ಕೊನೆಗಿರಲಿ. ಕೊಬ್ಬರಿ ಎಣ್ಣೆ ಸವರಿ ಬಿಡಿಸಿ ಎಂದು ಹಲವರು ಹೇಳುತ್ತಾರೆ. ಸಣ್ಣ ಸಿಕ್ಕಿಗೆ ಅದು ನಡೆಯಬಹುದು, ಆದರೆ ಗಟ್ಟಿ ಗಂಟಿನೊಳಗೆ ಇಳಿಯುವುದಿಲ್ಲ. ಧೂಳು ಹಿಡಿಯುತ್ತದೆ, ಆಮೇಲೆ ಕ್ಲಿಪ್ಪರ್ (ಕೂದಲು ಬೋಳಿಸುವ ಯಂತ್ರ) ಬ್ಲೇಡಿನ ಹಲ್ಲುಗಳಲ್ಲಿ ಮೆತ್ತಿಕೊಳ್ಳುತ್ತದೆ.

ಮೊದಲು ಯಾವ ಗಂಟು ಎಂಥದ್ದು ಎಂದು ನೋಡಿ. ಸ್ಟೀಲ್ ಬಾಚಣಿಗೆಯ ಅಗಲ ಹಲ್ಲಿನ ಕಡೆಯನ್ನು ಚರ್ಮಕ್ಕೂ ಗಂಟಿಗೂ ನಡುವೆ ಮೆಲ್ಲಗೆ ತೂರಿಸಿ. ಸಲೀಸಾಗಿ ಹೋದರೆ ಅದು ಬಿಡಿಸಬಹುದಾದ ಸಿಕ್ಕು. ಹೋಗದಿದ್ದರೆ ಬಾಚುವ ಮಾತೇ ಬೇಡ, ಕ್ಲಿಪ್ಪರ್‌ನಿಂದ ಬೋಳಿಸುವುದೊಂದೇ ದಾರಿ. ಹೆದರುವ ನಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತ: ಅನುಮಾನವಿದ್ದರೂ ಬೋಳಿಸಿ. ಒಂದು ಗಂಟನ್ನು ಉಳಿಸಲು ಹತ್ತು ನಿಮಿಷ ಎಳೆದಾಡಿದರೆ ನಾಯಿಗೆ ಆಗುವುದು ನಿಜವಾದ ನೋವು, ಬ್ರಷ್ ಕಂಡರೆ ಓಡುವುದು ಅದಕ್ಕೇ. ಶಿಟ್ಜು ಕೂದಲು ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. (ನಿಮ್ಮದು ಸ್ಪಿಟ್ಜ್ ಅಥವಾ ಗೋಲ್ಡನ್ ರಿಟ್ರೀವರ್ ಆಗಿದ್ದರೆ ಗಂಟಿರುವ ಜಾಗವನ್ನಷ್ಟೇ ಬೋಳಿಸಿ ಎನ್ನುತ್ತಿದ್ದೆ. ದಟ್ಟ ಒಳಪದರದ ಕೂದಲಿನ ನಾಯಿಗಳನ್ನು ಪೂರ್ತಿ ಬೋಳಿಸಿದರೆ ಮತ್ತೆ ಬೆಳೆಯುವಾಗ ತೇಪೆ ತೇಪೆಯಾಗಿ ಬರಬಹುದು.)

ಕೆಲವು ಸ್ಥಿತಿಗಳಲ್ಲಿ ಮನೆಯಲ್ಲಿ ಕೈಹಾಕಲೇಬೇಡಿ. ಗಂಟಿನಿಂದ ಕೆಟ್ಟ ವಾಸನೆ, ಕೀವು ಅಥವಾ ತೇವ, ಅಡಿಯಲ್ಲಿ ಹುಳು, ಮಲ ಮೆತ್ತಿಕೊಂಡು ಗುದದ್ವಾರ ಮುಚ್ಚಿರುವುದು, ಕಾಲು ಕುಂಟುವುದು, ಮೈಯೆಲ್ಲ ಕಂಬಳಿಯ ಹಾಗೆ ಒಂದೇ ಹಾಳೆಯಾಗಿರುವುದು: ಇವುಗಳಲ್ಲಿ ಯಾವುದಿದ್ದರೂ ನೇರವಾಗಿ ಪಶುವೈದ್ಯರ ಬಳಿಗೆ ಹೋಗಿ. ಮಳೆಗಾಲದಲ್ಲಿ ಒದ್ದೆ ಗಂಟಿನೊಳಗೆ ನೊಣ ಮೊಟ್ಟೆಯಿಟ್ಟು ಹುಳುವಾಗುವುದು ಅಪರೂಪವೇನಲ್ಲ. ಅರಿವಳಿಕೆ ಕೊಟ್ಟು ಬೋಳಿಸುವುದು ಇಂಥ ನಾಯಿಗೆ ದಯೆಯ ಕೆಲಸವೇ. ಹತ್ತಿರದಲ್ಲಿ ವೈದ್ಯರು ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ನಾಯಿಗಳಿಗೆಂದೇ ಮಾಡಿದ ಕ್ಲಿಪ್ಪರ್, ಅದಕ್ಕೆ 10ನೇ ನಂಬರಿನ ಬ್ಲೇಡ್, ಅಗಲ ಮತ್ತು ಕಿರಿದು ಎರಡೂ ಹಲ್ಲಿರುವ ಸ್ಟೀಲ್ ಬಾಚಣಿಗೆ, ಒಂದು ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲುಗಳ ಬ್ರಷ್). ಗಂಡಸರ ಗಡ್ಡದ ಟ್ರಿಮ್ಮರ್ ಗಂಟಿನಲ್ಲಿ ಸಿಕ್ಕಿಕೊಂಡು ಕೂದಲು ಎಳೆಯುತ್ತದೆ, ಪಾದದ ಬೆರಳಸಂದಿಗೆ ಮಾತ್ರ ಸಾಕು. 10ನೇ ನಂಬರ್ ಬ್ಲೇಡ್ ಸುಮಾರು 1.5 ಮಿಲಿಮೀಟರ್ ಕೂದಲು ಬಿಡುತ್ತದೆ, ಹಲ್ಲುಗಳು ಒತ್ತೊತ್ತಾಗಿರುವುದರಿಂದ ಚರ್ಮ ನಡುವೆ ನುಗ್ಗುವ ಭಯ ಕಡಿಮೆ. ಕೂದಲು ಸ್ವಲ್ಪ ಉದ್ದ ಉಳಿಯಲಿ ಎಂದು ದೂರ ಹಲ್ಲಿನ ಬ್ಲೇಡ್ ಹಾಕಬೇಡಿ, ಅದು ಚರ್ಮವನ್ನು ಹಿಡಿದು ಕೊಯ್ಯುತ್ತದೆ. ಬ್ಲೇಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಗಾರ್ಡ್ ಗಂಟಿನೊಳಗೆ ಹೋಗುವುದೇ ಇಲ್ಲ.

ಈಗ ಭಯದ ವಿಷಯ. ಕ್ಲಿಪ್ಪರ್ ತಂದ ದಿನವೇ ಬೋಳಿಸಲು ಕೂರಬೇಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚೂರುಗಳಾಗಿ ಮಾಡಿಟ್ಟುಕೊಳ್ಳಿ. ಕೋಳಿ ಮನೆಗೆ ಬಾರದಿದ್ದರೆ ಪನೀರ್ ಆಗುತ್ತದೆ. ಒಬ್ಬರು ಪಕ್ಕದ ಕೋಣೆಯಲ್ಲಿ ಕ್ಲಿಪ್ಪರ್ ಆನ್ ಮಾಡಲಿ. ಸದ್ದು ಕೇಳಿದ ಮೇಲೆ ನೀವು ಚೂರು ಕೊಡಲು ಶುರುಮಾಡಿ, ಸದ್ದು ನಿಂತಾಗ ನಿಲ್ಲಿಸಿ. ಈ ಕ್ರಮ ಮುಖ್ಯ: ಮೊದಲು ಸದ್ದು, ಆಮೇಲೆ ತಿಂಡಿ. ತಿಂಡಿ ಮೊದಲು ತೋರಿಸಿ ಆಮೇಲೆ ಕ್ಲಿಪ್ಪರ್ ತೆಗೆದರೆ ನಾಯಿಗೆ ತಿಂಡಿಯ ಮೇಲೇ ಅನುಮಾನ ಹುಟ್ಟುತ್ತದೆ. ದಿನಕ್ಕೆ ಎರಡು ಸಲ, ಎರಡು ಮೂರು ನಿಮಿಷ ಸಾಕು. ಸದ್ದಿಗೆ ಕಿವಿ ನಿಗುರಿಸಿ ನಿಮ್ಮ ಕೈ ನೋಡತೊಡಗಿದರೆ ಮುಂದಿನ ಹಂತ: ಆಫ್ ಮಾಡಿದ ಕ್ಲಿಪ್ಪರನ್ನು ಭುಜಕ್ಕೆ ತಾಗಿಸಿ ಚೂರು ಕೊಡಿ. ಬಳಿಕ ಆನ್ ಮಾಡಿ ಅದರ ಹಿಂಬದಿಯನ್ನು ತಾಗಿಸಿ, ನಡುಕ ಅಭ್ಯಾಸವಾಗಲಿ. ಕೊನೆಗೆ ಒಂದೇ ಒಂದು ಎಳೆತ. ಒಂದೆರಡು ವಾರ ಹಿಡಿಯಬಹುದು. ಹಂತ ಹಾರಿಸಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ನಾಯಿ ಕಚ್ಚುವ ಮೊದಲು ಹಲವು ಸಲ ಹೇಳಿರುತ್ತದೆ. ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿಭಾಗ ಕಾಣುವುದು, ಮೈ ಬಿಗಿಯಾಗುವುದು, ಕೊಟ್ಟ ಚೂರನ್ನು ಬಿಡುವುದು. ಇಷ್ಟರಲ್ಲಿ ಒಂದು ಕಂಡರೂ ಕೈ ತೆಗೆಯಿರಿ. ಗುರ್ ಎಂದಾಗ ಮಾತ್ರ ಗದರಿಸಬೇಡಿ, ದಯವಿಟ್ಟು. ಗುರ್ ಎನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಮೂತಿಗೆ ಬುಟ್ಟಿಯಂಥ ಮಝಲ್ ಅಭ್ಯಾಸ ಮಾಡಿಸಿದರೆ ಒಳ್ಳೆಯದು, ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು, ತಿಂಡಿಯೂ ತಿನ್ನಬಹುದು. ಬಟ್ಟೆ ಕಟ್ಟಿ ಬಾಯಿ ಬಿಗಿಯುವುದು ಶಿಟ್ಜುವಿನಂಥ ಚಪ್ಪಟೆ ಮೂತಿಯ ನಾಯಿಗೆ ಅಪಾಯ. ಇಷ್ಟಾದರೂ ನಡುಗುತ್ತಿದ್ದರೆ ವೈದ್ಯರು ತೂಕ ನೋಡಿ ಭಯ ತಗ್ಗಿಸುವ ಗಾಬಾಪೆಂಟಿನ್ ಅಥವಾ ಟ್ರಾಜೊಡೋನ್ ಬರೆದುಕೊಡಬಹುದು. ಮನೆಯಲ್ಲಿ ಯಾರಿಗೋ ಕೊಟ್ಟ ನಿದ್ದೆಮಾತ್ರೆ ಕೊಡಬೇಡಿ. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ, ನಾಯಿಗೆ ಅದು ವಿಷ. ನೆಕ್ಕಲು ಪೀನಟ್ ಬಟರ್ ಕೊಡುವುದಾದರೂ ಡಬ್ಬಿಯ ಮೇಲೆ ಆ ಹೆಸರಿದೆಯೇ ನೋಡಿ.

ಬೋಳಿಸುವ ದಿನ ಬೆಳಗಿನ ವಾಕಿಂಗ್ ಮುಗಿಸಿ ನಾಯಿ ಮಲಗುವ ಹೊತ್ತನ್ನು ಹಿಡಿಯಿರಿ. ಕುಕ್ಕರ್ ಕೂಗುವ ಹೊತ್ತು, ಕಸದ ಆಟೊ ಬರುವ ಹೊತ್ತು ಬೇಡ. ದೀಪಾವಳಿಯ ಪಟಾಕಿ ವಾರವಂತೂ ಬೇಡವೇ ಬೇಡ. ಮೇಜಿನ ಮೇಲೆ ಎತ್ತಿ ನಿಲ್ಲಿಸದೆ ನೆಲದಲ್ಲೇ ಕೂರಿ, ಟೈಲ್ಸ್ ಮೇಲೆ ಯೋಗ ಮ್ಯಾಟ್ ಹಾಸಿ. ಕಾಲು ಜಾರಿದರೆ ಹೆದರಿಕೆ ಇಮ್ಮಡಿಯಾಗುತ್ತದೆ. ಜೊತೆಗಿರುವವರ ಕೆಲಸ ಅದುಮಿ ಹಿಡಿಯುವುದಲ್ಲ, ತಿನ್ನಿಸುವುದು.

ಮೊದಲು ಎದೆಯ ಗಂಟು, ಅದು ಎಲ್ಲಕ್ಕಿಂತ ಸುಲಭ. ಎಡಗೈಯಿಂದ ಪಕ್ಕದ ಚರ್ಮವನ್ನು ಸಮತಟ್ಟಾಗಿ ಬಿಗಿಹಿಡಿಯಿರಿ. ಗಂಟನ್ನು ಹಿಡಿದು ಎತ್ತಬೇಡಿ, ಎತ್ತಿದರೆ ಚರ್ಮವೂ ಬ್ಲೇಡಿನ ದಾರಿಗೆ ಬರುತ್ತದೆ. ಬ್ಲೇಡನ್ನು ಚರ್ಮಕ್ಕೆ ಮಲಗಿಸಿ, ಕೂದಲು ಬೆಳೆದ ದಿಕ್ಕಿನಲ್ಲಿ, ಗಂಟಿನ ಅಂಚಿನಿಂದ ಅಡಿಗೆ ತೂರಿಸುತ್ತ ಸಣ್ಣ ಸಣ್ಣ ಎಳೆತದಲ್ಲಿ ಸಾಗಿ. ಒತ್ತಬೇಡಿ, ಕ್ಲಿಪ್ಪರ್ ತಾನೇ ಕತ್ತರಿಸಿಕೊಂಡು ಹೋಗಲಿ. ಬ್ಲೇಡ್ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ಬಿಸಿಯೆನಿಸಿದರೆ ನಿಲ್ಲಿಸಿ ಆರಿಸಿ. ಚೆನ್ನಾಗಿ ಒಪ್ಪಿಕೊಂಡಿದ್ದ ನಾಯಿ ಹಠಾತ್ತನೆ ಕೊಸರಿದರೆ ಬಹಳ ಸಲ ಬ್ಲೇಡಿನ ಬಿಸಿಯೇ ಕಾರಣ. ಕಂಕುಳಿಗೆ ಬಂದಾಗ ಮುಂಗಾಲನ್ನು ಪಕ್ಕಕ್ಕೆ ಅಗಲಿಸಬೇಡಿ, ಆ ಕೀಲು ಹಾಗೆ ತಿರುಗುವುದಿಲ್ಲ, ನೋವಾಗುತ್ತದೆ. ಮುಂದಕ್ಕೆ ಸ್ವಲ್ಪ ಎತ್ತಿ. ಹೊಟ್ಟೆಗೂ ತೊಡೆಗೂ ನಡುವಿನ ತೆಳು ಮಡಿಕೆ, ಮೊಲೆತೊಟ್ಟುಗಳು, ಹಿಂಗಾಲಿನ ಹಿಮ್ಮಡಿಯ ನರದಂಥ ಭಾಗ, ಇವು ಬ್ಲೇಡಿಗೆ ಸುಲಭವಾಗಿ ಸಿಗುವ ಜಾಗಗಳು, ಬೆರಳಿಟ್ಟು ಮುಚ್ಚಿಕೊಂಡೇ ಸಾಗಿ. ಒಂದು ಸಲಕ್ಕೆ ಐದು ನಿಮಿಷ, ಒಂದು ಗಂಟು. ಉಳಿದದ್ದು ನಾಳೆಗೆ ಇರಲಿ. ಅರ್ಧ ಬೋಳಿಸಿದ ನಾಯಿ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ.

ಕಿವಿಗೆ ಹೆಚ್ಚು ಎಚ್ಚರ ಬೇಕು. ಕಿವಿಯ ಹೊರ ಅಂಚಿನಲ್ಲಿ ಚಿಕ್ಕ ಜೇಬಿನಂಥ ಚರ್ಮದ ಮಡಿಕೆಯಿದೆ. ಕಿವಿಯ ನಡುವಿನಿಂದ ಅಂಚಿನತ್ತ ಎಳೆಯಿರಿ, ಅಂಚಿನಿಂದ ಒಳಕ್ಕೆ ಎಂದೂ ಬೇಡ. ಭಾರದ ಗಂಟು ಹೋದ ಮೇಲೆ ಕಿವಿಗೆ ರಕ್ತ ನುಗ್ಗುತ್ತದೆ, ತುರಿಕೆಗೆ ನಾಯಿ ತಲೆ ಒದರತೊಡಗುತ್ತದೆ, ಒದರಿ ಒದರಿ ಕಿವಿಹಾಳೆಯೊಳಗೆ ರಕ್ತ ತುಂಬಿಕೊಳ್ಳಬಹುದು. ಕಿವಿಹಾಳೆ ಮೆತ್ತಗೆ ಊದಿದ್ದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ.

ಬಾಚಣಿಗೆ ತೂರಿದ ಸಡಿಲ ಸಿಕ್ಕುಗಳಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ತಿಕ್ಕಿ. ಜಿಡ್ಡು ಹೀರಿ ಎಳೆಗಳು ಜಾರುತ್ತವೆ. (ಅಡುಗೆಮನೆಯ ಜೋಳದ ಹಿಟ್ಟಲ್ಲ, ಮಂಚೂರಿಗೆ ಹಾಕುವ ಬಿಳಿ ಪುಡಿ.) ಗಂಟಿನ ಬುಡವನ್ನು ಚರ್ಮದ ಪಕ್ಕದಲ್ಲೇ ಎರಡು ಬೆರಳಲ್ಲಿ ಚಿವುಟಿ ಹಿಡಿದರೆ ಎಳೆತ ನಿಮ್ಮ ಬೆರಳಿಗೆ ಬೀಳುತ್ತದೆ, ಚರ್ಮಕ್ಕಲ್ಲ. ತುದಿಯಿಂದ ಶುರುಮಾಡಿ ಒಂದೊಂದೇ ಬೆರಳಗಲ ಬುಡದತ್ತ ಬನ್ನಿ.

ಬೋಳಿಸಿದ ಚರ್ಮ ಕೆಂಪಾಗಿರುವುದು, ತಲೆಹೊಟ್ಟಿನಂತೆ ಸಿಪ್ಪೆಯೇಳುವುದು ಸಾಮಾನ್ಯ. ರಕ್ತ ಹೀರುವ ಉಣ್ಣಿ ಇದ್ದರೆ ಚಿಮುಟದಿಂದ ಬುಡ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಒಂದೆರಡು ದಿನ ಬಿಟ್ಟು ನಾಯಿಗಳ ಶಾಂಪೂವಿನಿಂದ ಸ್ನಾನ ಮಾಡಿಸಿ. ನೀರಿಗೆ ಡೆಟಾಲ್ ಹಾಕಬೇಡಿ, ಬೋಳು ಚರ್ಮ ಉರಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಎರಡು ಮಗ್ ಹೆಚ್ಚು ಸುರಿದು ತೊಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಟೆರೇಸಿಗೆ ಬಿಡಬೇಡಿ. ಈ ನಡುವೆ ಹಲ್ಲು ತಾಗಿ ನಿಮಗೆ ಗಾಯವಾದರೆ, ನಾಯಿಗೆ ಲಸಿಕೆಯಾಗಿದ್ದರೂ ಸೋಪು ಹಾಕಿ ಹರಿಯುವ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಬಳಿ ಹೋಗಿ.

ಕೂದಲು ಮತ್ತೆ ಬೆರಳಗಲ ಬರುವ ಮೊದಲೇ, ಬಾಚಲು ಏನೂ ಇಲ್ಲದ ಈ ದಿನಗಳಲ್ಲೇ ಬಾಚುವುದನ್ನು ಕಲಿಸಿ. ಈಗ ಎಳೆತವಿಲ್ಲ, ನೋವಿಲ್ಲ. ಒಂದು ಎಳೆತ, ಒಂದು ಚೂರು. ರಾತ್ರಿ ಹಾರ್ನೆಸ್ ಬಿಚ್ಚಿ. ಮಳೆಯಲ್ಲಿ ನೆನೆದು ಬಂದ ದಿನ ಟವೆಲ್ಲಿನಿಂದ ಗರಗರ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆದು, ಪೂರ್ತಿ ಒಣಗಿದ ಮೇಲೆ ಕಿವಿಯ ಹಿಂದೆ ಮತ್ತು ಕಂಕುಳಲ್ಲಿ ಬಾಚಣಿಗೆಯ ಕಿರಿಹಲ್ಲು ಬುಡದಿಂದ ತುದಿವರೆಗೆ ತಡೆಯಿಲ್ಲದೆ ಹೋಗುತ್ತದೆಯೇ ನೋಡಿ.